ತುಂಬುವ ನಲ್ಲಿ, ಖಾಲಿ ಮಾಡುವ ನಲ್ಲಿ

ಒಂದು ತೊಟ್ಟಿಗೆ ಎರಡು ನಲ್ಲಿಗಳಿವೆ. ಒಂದು ನಲ್ಲಿ ತೊಟ್ಟಿಯನ್ನು 6 ಗಂಟೆಯಲ್ಲಿ ತುಂಬುತ್ತದೆ. ಇನ್ನೊಂದು ಅದನ್ನು 8 ಗಂಟೆಯಲ್ಲಿ ಖಾಲಿ ಮಾಡುತ್ತದೆ. ಎರಡನ್ನೂ ಒಟ್ಟಿಗೆ ತೆರೆದರೆ ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು?

ಉತ್ತರ 24 ಗಂಟೆ. ಈ ಲೆಕ್ಕವನ್ನು ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಮಾಡಿಸಿದ್ದೇನೆ. ಆ 31 ವರ್ಷವೂ ನಮ್ಮ ಮನೆಯ ನಲ್ಲಿ ಸೋರಿದಾಗ ವಾಷರ್ ಬದಲಾಯಿಸಿದವಳು ನನ್ನ ಹೆಂಡತಿ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ತೊಟ್ಟಿ ತುಂಬಿಸಬೇಕು ಅಂತಿದ್ರೆ ಖಾಲಿ ಮಾಡೋ ನಲ್ಲೀನ ಯಾಕೆ ಸಾರ್ ತೆರೀಬೇಕು?" ಎಂದ. ತರಗತಿ ಗೊಳ್ಳೆಂದಿತು. ನನಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿಲ್ಲದ ಮೇಷ್ಟ್ರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ.

ನಿವೃತ್ತನಾದ ಮೇಲೆ ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಕೊಳ ಮಾಡಿಸಬೇಕು, ಅದರ ಪಕ್ಕ ಕುರ್ಚಿ ಹಾಕಿಕೊಂಡು ನೀರು ಬೀಳುವ ಸದ್ದು ಕೇಳುತ್ತಾ ಪೇಪರ್ ಓದಬೇಕು ಎಂಬ ಆಸೆ ಹುಟ್ಟಿತು. ಹೆಂಡತಿಗೆ ಹೇಳಿದೆ.

"ನೀರಿನ ಸದ್ದು ತಾನೇ? ಮೇಲಿನ ಟ್ಯಾಂಕು ತುಂಬಿ ಸುರಿಯುತ್ತಲ್ಲ, ಆಗ ಎದ್ದು ಹೋಗಿ ಮೋಟರ್ ಆಫ್ ಮಾಡಿ. ಹತ್ತಿರದಿಂದ ಕೇಳಿಸುತ್ತೆ" ಎಂದಳು.

ಆದರೂ ಹಿತ್ತಲ ನಟ್ಟನಡುವೆ ಹಳ್ಳ ತೋಡಿಸಿದೆ. ಬಲಕ್ಕೆ ಕರಿಬೇವಿನ ಮರ, ಎಡಕ್ಕೆ ತುಳಸಿಕಟ್ಟೆ, ಇವೆರಡರ ನಡುವೆ ಒಗೆಯುವ ಕಲ್ಲು. ವಾಷಿಂಗ್ ಮೆಷಿನ್ ಬಂದು ಹನ್ನೆರಡು ವರ್ಷವಾಗಿದೆ, ಈ ಕಲ್ಲು ಎತ್ತಿಸಿಬಿಡೋಣ ಎಂದೆ. ಅವಳು ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಏನರ್ಥ ಎಂದು ನನಗೆ ಗೊತ್ತು. ಕಲ್ಲು ಮೂರು ಅಡಿ ಪಕ್ಕಕ್ಕೆ ಸರಿದು ಅಲ್ಲೇ ಉಳಿಯಿತು. ಅದು ಉಳಿದದ್ದು ನನಗಾಗಿಯೇ ಎಂಬುದು ಆಗ ತಿಳಿಯಲಿಲ್ಲ.

ಕೊಳದ ಉದ್ದ 10 ಅಡಿ, ಅಗಲ 6 ಅಡಿ, ಆಳ ಎರಡೂವರೆ ಅಡಿ. ಒಟ್ಟು 150 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್ ಹಿಡಿದರೆ ಸುಮಾರು 4,250 ಲೀಟರ್ ನೀರು. ಹೆಮ್ಮೆಯಿಂದ ಮಗಳಿಗೆ ಬೆಂಗಳೂರಿಗೆ ಫೋನ್ ಮಾಡಿ ಹೇಳಿದರೆ, ಅವಳು ಅರೆಗಳಿಗೆ ಸುಮ್ಮನಿದ್ದು, "ಅಂದ್ರೆ 0.00000015 ಟಿಎಂಸಿ ಅಪ್ಪಾ" ಎಂದಳು.

ಇದನ್ನು ಅವಳು ನನಗೆ ಮಾತ್ರ ಹೇಳಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳಮ್ಮನಿಗೂ ಹೇಳಿದಳು. ನನ್ನ ಹೆಂಡತಿಯದು ಮಂಡ್ಯ ಕಡೆ. ತವರಿನ ಗದ್ದೆಗೆ ವಿಶ್ವೇಶ್ವರಯ್ಯ ನಾಲೆಯ ನೀರು. ಪೇಪರ್ ಬಂದರೆ ಆ ಮನೆಯವರು ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. 124.80 ಅಡಿ ಎಂಬ ಸಂಖ್ಯೆಯನ್ನು ಅವರ ಮಕ್ಕಳು ಮಗ್ಗಿಗಿಂತ ಮೊದಲೇ ಕಲಿಯುತ್ತಾರೆ. ಅವತ್ತಿನಿಂದ ಬೆಳಗಿನ ಕಾಫಿ ಜೊತೆ ನನಗೆ ಒಂದು ಪ್ರಶ್ನೆಯೂ ಬರತೊಡಗಿತು: "ಇವತ್ತಿನ ಮಟ್ಟ ಎಷ್ಟು ರೀ? ಒಳಹರಿವು? ಹೊರಹರಿವು?"

ಆಗ ನಮ್ಮ ಅತ್ತೆಯವರೂ ಮನೆಯಲ್ಲಿದ್ದರು. ಕೋಲೂರಿಕೊಂಡು ಬಂದು ಸಿಮೆಂಟು ಗುಂಡಿಯನ್ನು ಒಂದು ಸುತ್ತು ಹಾಕಿದರು. "ತೂಬು ಎಲ್ಲಿಟ್ಟಿದ್ದೀರಿ ಅಳಿಯಂದ್ರೇ?" ಎಂದು ಕೇಳಿದರು.

"ಅತ್ತೆ, ಇದು ಕೆರೆಯಲ್ಲ, ಕೊಳ."

"ಕೋಡಿ?"

"ಅದೂ ಬೇಡ."

"ಹೂಳು ಎಲ್ಲಿ ಹೋಗಬೇಕು?"

ಪ್ರಶ್ನೆ ಕೇಳುವವರನ್ನು ನಿಲ್ಲಿಸಲು ಈಗ ನನ್ನ ಬಳಿ ಬೆಂಚಿರಲಿಲ್ಲ. ಇದ್ದರೂ ಅತ್ತೆಯವರನ್ನು ಅದರ ಮೇಲೆ ನಿಲ್ಲಿಸುವಷ್ಟು ಧೈರ್ಯ ನನಗಿಲ್ಲ. "ಫಿಲ್ಟರ್ ಇದೆ ಅತ್ತೆ" ಎಂದಷ್ಟೇ ಹೇಳಿದೆ.

ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ, ಮೀನಿಗೆ ಆಗದು ಎಂದು ಗಾರೆ ಕೆಲಸದವನೇ ಎಚ್ಚರಿಸಿದ್ದ. ಬಾಳೆದಿಂಡು ಕೊಚ್ಚಿ ಹಾಕಿ, ನೀರು ತುಂಬಿಸಿ ಚೆಲ್ಲಿ, ಮತ್ತೆ ತುಂಬಿಸಿ ಚೆಲ್ಲಿ, ಮೂರು ವಾರ ಕಳೆದೆ. ಈ ಇಡೀ ಕಥೆಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ. ಅದೂ ಬೇರೆಯವರು ಹೇಳಿದ್ದು.

ಮುಂದಿನದು ಪಂಪು. ಕೊಳದ ನೀರೆಲ್ಲ ಎರಡು ಗಂಟೆಗೊಮ್ಮೆ ಫಿಲ್ಟರಿನೊಳಗೆ ಹಾದು ಬರಬೇಕು ಎಂದು ಓದಿದ್ದೆ. 4,250 ಭಾಗಿಸು 2, ಗಂಟೆಗೆ 2,125 ಲೀಟರ್. ಅಂಗಡಿಯಲ್ಲಿ ಒಂದು ಪೆಟ್ಟಿಗೆಯ ಮೇಲೆ ಹೀಗೆ ಬರೆದಿತ್ತು: ಗಂಟೆಗೆ 3,000 ಲೀಟರ್, ಎತ್ತರ 3 ಮೀಟರ್. ಬೇಕಾದ್ದಕ್ಕಿಂತ ಹೆಚ್ಚೇ ಇದೆ ಎಂದು ತಂದೆ. 3,000 ಲೀಟರ್ ನೀರನ್ನು 3 ಮೀಟರ್ ಎತ್ತರಕ್ಕೆ ಎತ್ತುತ್ತದೆ ಎಂದುಕೊಂಡಿದ್ದೆ. ಅಸಲು ಅರ್ಥ ಬೇರೆ. ಎತ್ತರ ಸೊನ್ನೆಯಿದ್ದರೆ 3,000 ಲೀಟರ್ ಬರುತ್ತದೆ; ಎತ್ತರ 3 ಮೀಟರ್ ಆದರೆ ಬರುವ ನೀರು ಸೊನ್ನೆ. ಒಂದೇ ರೇಖೆ ಎರಡು ಅಕ್ಷಗಳನ್ನು ಕತ್ತರಿಸುವ ಎರಡು ಬಿಂದುಗಳು ಅವು. ಇದನ್ನು ನಾನು ಗ್ರಾಫ್ ಹಾಳೆಯ ಮೇಲೆ ಸಾವಿರಾರು ಮಕ್ಕಳಿಂದ ಬಿಡಿಸಿದ್ದೇನೆ. ತಪ್ಪು ಬಿಡಿಸಿದವರ ಅಂಕ ಕಳೆದಿದ್ದೇನೆ.

ಪೈಪು ಕೊಳ್ಳುವ ಗೊಡವೆಗೆ ಹೋಗಲಿಲ್ಲ. ಮನೆ ಕಟ್ಟಿಸಿದಾಗ ಉಳಿದ ಮುಕ್ಕಾಲು ಇಂಚಿನ ಪಿವಿಸಿ ಅಟ್ಟದ ಮೇಲಿತ್ತು. ಜೋಡಣೆಯ ಸಾಮಾನಿಗೆ ಹಾರ್ಡ್‌ವೇರ್ ಅಂಗಡಿಗೆ ಹೋದರೆ, ಅಲ್ಲಿನ ಹುಡುಗ "ಎಂಟಿಎ ಬೇಕಾ ಸಾರ್, ಎಫ್‌ಟಿಎ ಬೇಕಾ?" ಎಂದ. ಸರ್ಕಾರಿ ನೌಕರನಾಗಿ ನನಗೆ ಗೊತ್ತಿದ್ದದ್ದು ಟಿಎ, ಡಿಎ ಎರಡೇ. ಹೊರಗೆ ತಿರುಪು ಇರುವುದು ಒಂದು, ಒಳಗೆ ತಿರುಪು ಇರುವುದು ಇನ್ನೊಂದು ಎಂದು ಅವನೇ ತಿರುಗಿಸಿ ತೋರಿಸಿದ. ಎರಡೂ ಐದೈದು ಕೊಡು ಎಂದೆ. ಎಲ್ಬೋ ಮಾತ್ರ ಧಾರಾಳವಾಗಿ ತಂದೆ. ಕರಿಬೇವಿನ ಬೇರು ಬಳಸಿ, ತುಳಸಿಕಟ್ಟೆಗೆ ಪ್ರದಕ್ಷಿಣೆ ಬಂದು, ಕಲ್ಲಿಗೆ ದಾರಿ ಬಿಟ್ಟು ಪೈಪು ಹೋಗಬೇಕಿತ್ತು. ಒಟ್ಟು 11 ಎಲ್ಬೋ. ಅಂಟು ಒಣಗಿದ ಮೇಲೆ ದೂರ ನಿಂತು ನೋಡಿದರೆ, ಪ್ರಮೇಯ ಬಿಡಿಸಲು ಬಾರದ ಹುಡುಗನ ಉತ್ತರಪತ್ರಿಕೆಯ ಚಿತ್ರದ ಹಾಗಿತ್ತು.

ಫಿಲ್ಟರಿಗೆ 200 ಲೀಟರಿನ ನೀಲಿ ಡ್ರಮ್ಮು. ಮೂರಡಿ ಕಟ್ಟೆ ಕಟ್ಟಿಸಿ ಅದರ ಮೇಲೆ ಕೂರಿಸಿದೆ. ಒಳಗೆ ಕೆಳಗಿನಿಂದ ಜಲ್ಲಿ, ಇದ್ದಿಲು, ಮೇಲೆ ಮರಳು. ಏಳನೇ ತರಗತಿಯ ವಿಜ್ಞಾನ ಪ್ರದರ್ಶನದಲ್ಲಿ ಪ್ರತಿವರ್ಷ ಬಹುಮಾನ ಗೆಲ್ಲುವ ಮಾದರಿಯದೇ ದೊಡ್ಡ ರೂಪ. ಪಂಪು ಕೊಳದ ತಳದಲ್ಲಿ. ಅಲ್ಲಿಂದ ಕೊಳದ ನೀರಿನ ಮಟ್ಟಕ್ಕಿಂತ ಆರಡಿ ಮೇಲೇರಿ ಡ್ರಮ್ಮಿನ ಬಾಯಿಗೆ ನೀರು, ಮರಳಿನಲ್ಲಿ ಇಳಿದು ತಳದ ತೂತಿನಿಂದ ಕಲ್ಲುಗಳ ಮೇಲೆ ಜಲಪಾತ.

ಒಳ್ಳೆಯ ದಿನ ನೋಡಿ ಸ್ವಿಚ್ ಹಾಕಿದೆ. ಪಂಪು ಗುಯ್ ಎಂದಿತು. ಎಲ್ಲರೂ ಕಾದೆವು. ಬಹಳ ಹೊತ್ತಿನ ಮೇಲೆ ಕಲ್ಲಿನ ಮೇಲಿಂದ ಒಂದು ಎಳೆ ನೀರು ಯೋಚನೆ ಮಾಡುತ್ತಾ ಇಳಿಯಿತು.

ಅತ್ತೆಯವರು ಭಕ್ತಿಯಿಂದ ಬಲಗೈ ಚಾಚಿದರು. "ಉದ್ಧರಣೆಯಲ್ಲಿ ತೀರ್ಥ ಬಿಟ್ಟ ಹಾಗೆ ಬರ್ತಾ ಇದೆ."

ಬಕೆಟ್ ಇಟ್ಟು ಅಳೆದೆ. 20 ಲೀಟರ್ ತುಂಬಲು 103 ಸೆಕೆಂಡು. ಗಂಟೆಗೆ 700 ಲೀಟರ್. 3,000ದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಎತ್ತರವೇ ನುಂಗಿತ್ತು. ಉಳಿದದ್ದರಲ್ಲಿ ಮುಕ್ಕಾಲಿಂಚಿನ ಪೈಪೂ 11 ಎಲ್ಬೋಗಳೂ ತಮ್ಮ ತಮ್ಮ ಪಾಲು ತೆಗೆದುಕೊಂಡಿದ್ದವು. ಆದರೂ ನಾನು ಸೋಲೊಪ್ಪದೆ ಆರು ಗೋಲ್ಡ್‌ಫಿಶ್, ಸೊಳ್ಳೆಮರಿ ತಿನ್ನಲೆಂದು ಒಂದು ಲೋಟ ಗಪ್ಪಿ, ಒಂದು ನೈದಿಲೆ ಗೆಡ್ಡೆ ತಂದು ಬಿಟ್ಟೆ. ಕೊಳ ತುಂಬಿದ ದಿನ ಹೆಂಡತಿ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬೇಳೆ ಇಟ್ಟು ಬಾಗಿನ ಅರ್ಪಿಸಿದಳು. ಮುಖ್ಯಮಂತ್ರಿಗಳು ಕೆಆರ್‌ಎಸ್‌ಗೆ ಅರ್ಪಿಸುವಾಗ ಇರುವ ಗಾಂಭೀರ್ಯವೇ ಅವಳ ಮುಖದಲ್ಲೂ ಇತ್ತು. ಫೋಟೋ ತೆಗೆಯಲು ಎದುರುಮನೆಯವರನ್ನೂ ಕರೆದಿದ್ದಳು.

ಆರನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಯಿತು. ಹಿತ್ತಲಿಂದ ವಿಚಿತ್ರ ಸದ್ದು, ಖಾಲಿ ಲೋಟವನ್ನು ಸ್ಟ್ರಾ ಹಾಕಿ ಹೀರಿದಂತೆ. ಟಾರ್ಚ್ ಹಿಡಿದು ಹೋದೆ. ಕೊಳದಲ್ಲಿ ನೀರಿಲ್ಲ. ತಳದ ಎರಡಿಂಚು ಕೆಸರಿನಲ್ಲಿ ಮೀನುಗಳು ಪಕ್ಕಕ್ಕೆ ಮಲಗಿ ಬಡಿದುಕೊಳ್ಳುತ್ತಿದ್ದವು.

ಆದದ್ದಿಷ್ಟು. ಮರಳಿನ ಮೇಲೆ ಪಾಚಿ, ಎಲೆಚೂರು, ಮೀನಿನ ಹೊಲಸು ಕೂತು ಪದರಗಟ್ಟಿತ್ತು. ನೀರು ಕೆಳಗಿಳಿಯಲು ದಾರಿ ಇಲ್ಲದೆ ಡ್ರಮ್ಮಿನ ಬಾಯಿಯಿಂದ ಉಕ್ಕಿ ಕಾಂಪೌಂಡಿನ ಬುಡದಲ್ಲಿ ಹರಿದಿತ್ತು. ಪಂಪು ನಿಷ್ಠೆಯಿಂದ ಕೊಳವನ್ನು ಮೇಲೆ ಕಳಿಸುತ್ತಲೇ ಇತ್ತು. ರಾತ್ರಿ ಹತ್ತಕ್ಕೆ ಶುರುವಾಗಿದ್ದರೆ, 4,250ನ್ನು 700ರಿಂದ ಭಾಗಿಸಿದಾಗ ಬರುವುದು ಆರು ಗಂಟೆ ಚಿಲ್ಲರೆ. ನಾಲ್ಕು ಗಂಟೆಗೆ ಸರಿಹೊಂದಿತು. ಜೀವಮಾನದಲ್ಲಿ ಮೊದಲ ಬಾರಿ ನನ್ನ ತೊಟ್ಟಿ ಲೆಕ್ಕವೊಂದು ನಿಜ ನೀರಿನಲ್ಲಿ ತಾಳೆಯಾದ ಆ ಗಳಿಗೆಯಲ್ಲಿ, ಸುಳ್ಳೇಕೆ, ಸ್ವಲ್ಪ ಖುಷಿಯೂ ಆಯಿತು. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ನೀರಿಲ್ಲದೆ ಓಡಿದ ಪಂಪಿನ ಕೊನೆಯುಸಿರು ಅದು.

ಹೆಂಡತಿ ಮಾತಿಲ್ಲದೆ ಬಂದು, ದೋಸೆಹಿಟ್ಟು ಕಲೆಸುವ ದೊಡ್ಡ ಪಾತ್ರೆಗೆ ಹಂಡೆಯಲ್ಲಿ ಹಿಡಿದಿಟ್ಟ ನೀರು ಸುರಿದು, ಮೀನುಗಳನ್ನು ಜರಡಿಯಲ್ಲಿ ಎತ್ತಿ ಬಿಟ್ಟಳು. ಎಲ್ಲ ಮುಗಿದ ಮೇಲೆ ಕೇಳಿದಳು: "ಇವತ್ತಿನ ಮಟ್ಟ?"

ಬೆಳಕು ಹರಿದಾಗ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಅವರ ಸೇವಂತಿಗೆ ಮಡಿ ನಾಟಿಗೆ ಸಿದ್ಧವಾದ ಗದ್ದೆಯಾಗಿತ್ತು. ಸಜ್ಜನರು, ಸಿಟ್ಟಾಗಲಿಲ್ಲ. "ಮೇಷ್ಟ್ರೇ, ನೀರು ಬಿಡೋ ಮುಂಚೆ ನದಿಪಾತ್ರದ ಜನರಿಗೆ ಒಂದು ಎಚ್ಚರಿಕೆ ಕೊಡೋ ಪದ್ಧತಿ ಇದೆಯಲ್ವಾ?" ಎಂದರು.

ಅತ್ತೆಯವರು ಜಗುಲಿಯಲ್ಲಿ ಕೂತು ಜಪಮಣಿ ಎಣಿಸುತ್ತಿದ್ದರು. ನನ್ನ ಕಡೆ ನೋಡಲೂ ಇಲ್ಲ. ಆದರೆ ನಾನು ಹಾದುಹೋದಾಗೆಲ್ಲ ಅವರ ತುಟಿಯ ಮೇಲೆ "ಕೋಡಿ, ಕೋಡಿ" ಎಂಬ ಮಂತ್ರವೇ ಇದ್ದಂತೆ ನನಗೆ ಕೇಳಿಸಿತು. ವಿಶ್ವೇಶ್ವರಯ್ಯನವರು ನೀರು ಹೆಚ್ಚಾದಾಗ ತಾನೇ ತೆರೆದುಕೊಳ್ಳುವ ಬಾಗಿಲನ್ನು 1903ರಲ್ಲೇ ಖಡಕ್‌ವಾಸ್ಲಾ ಅಣೆಕಟ್ಟಿಗೆ ಕೂರಿಸಿದ್ದರು. ಅವರ ಹೆಸರಿನ ನಾಲೆಯ ಮನೆಯಿಂದ ಹೆಣ್ಣು ತಂದವನು ನಾನು. ಒಂದು ಡ್ರಮ್ಮಿಗೆ ಒಂದು ತೂತು ಹೆಚ್ಚು ಕೊರೆಸಿರಲಿಲ್ಲ.

ಪ್ಲಂಬರನ್ನು ಹೆಂಡತಿಯೇ ಕರೆಸಿದಳು. ಸ್ಕೂಟರಿನಿಂದ ಇಳಿದ ಮನುಷ್ಯ ಚೀಲ ಕೆಳಗಿಟ್ಟು ನನ್ನನ್ನೇ ನೋಡಿದ.

"ಮೇಷ್ಟ್ರೇ! ಗೊತ್ತಾಗ್ಲಿಲ್ವಾ? ಒಂಬತ್ತನೇ ಕ್ಲಾಸು, ಬಿ ಸೆಕ್ಷನ್. ಖಾಲಿ ಮಾಡೋ ನಲ್ಲಿ."

ಮೈಸೂರಿನಲ್ಲಿ ಮೇಷ್ಟ್ರಾಗಿದ್ದವನಿಗೆ ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಶಿಷ್ಯರು ಸಿಗುವುದು ಮಾಮೂಲು. ಆದರೆ ಹೀಗೆ ಹೊತ್ತು ನೋಡಿಕೊಂಡು ಯಾರೂ ಸಿಗಬಾರದು.

ಅವನು ನನ್ನ 11 ಎಲ್ಬೋಗಳನ್ನು ಬೆರಳಿಟ್ಟು ಎಣಿಸಿದ. ನಗಲಿಲ್ಲ, ಅದಕ್ಕಾಗಿ ಇಂದಿಗೂ ಋಣಿ. "ಎಲ್ಬೋ ಸಿಕ್ಕಿದಲ್ಲೆಲ್ಲ ನೀರು ಗೋಡೆಗೆ ಹಣೆ ಚಚ್ಕೊಂಡು ತಿರುಗುತ್ತೆ ಮೇಷ್ಟ್ರೇ. ಬೆಂಡ್ ಹಾಕಿದ್ರೆ ಜಾರ್ಕೊಂಡು ಹೋಗುತ್ತೆ. ಪೈಪು ಒಂದೂವರೆ ಇಂಚು ಹಾಕೋಣ. ಮುಕ್ಕಾಲಿಗೆ ಅದು ಎರಡರಷ್ಟು, ಆದ್ರೆ ನೀರು ಹೋಗೋ ಜಾಗ ನಾಲ್ಕರಷ್ಟು. ಪೈ ಆರ್ ಸ್ಕ್ವೇರು. ನೀವೇ ಹೇಳ್ಕೊಟ್ಟಿದ್ದು."

ಅವನ ಕೈಯಲ್ಲಿ ಎರಡು ದಿನದಲ್ಲಿ ಎಲ್ಲ ಬದಲಾಯಿತು. ಕಟ್ಟೆ ಒಡೆದು ಡ್ರಮ್ಮನ್ನು ಅರ್ಧ ನೆಲಕ್ಕಿಳಿಸಿದ. ಎತ್ತರ ಕಡಿಮೆಯಾದಷ್ಟೂ ಪಂಪಿಗೆ ಉಸಿರು. ಹೊಸ ಪಂಪನ್ನು ತಳದಲ್ಲಿಡದೆ ಒಂದಡಿ ಮೇಲೆ ಇಟ್ಟಿಗೆಯ ಮೇಲಿಟ್ಟ. ಏನೇ ಅನಾಹುತವಾದರೂ ಮೀನಿಗೆ ಒಂದಡಿ ನೀರು ಉಳಿಯಲಿ ಎಂದು. ಡ್ರಮ್ಮಿನ ಕಂಠಕ್ಕೆ ಎರಡಿಂಚಿನ ಪೈಪು ಕೂರಿಸಿ ಅದರ ಬಾಯಿ ಕೊಳಕ್ಕೇ ತಿರುಗಿಸಿದ. ಅತ್ತೆಯವರು ಅದನ್ನು ಕೋಲಿನಿಂದ ಮುಟ್ಟಿ ನೋಡಿ, "ಇದು ಕೋಡಿ" ಎಂದು ನನಗೆ ಪರಿಚಯ ಮಾಡಿಸಿದರು.

ಡ್ರಮ್ಮುಗಳು ಈಗ ಎರಡು. ಮೊದಲನೆಯದು ಖಾಲಿ! ಖಾಲಿ ಡ್ರಮ್ಮಿಗೆ ದುಡ್ಡು ಯಾಕೆ ಎಂದೆ. ನೀರು ಅಂಚಿಗೆ ಓರೆಯಾಗಿ ಬಂದು ಒಳಗೆ ನಿಧಾನಕ್ಕೆ ಸುತ್ತುತ್ತದೆ, ಕೊಳೆ ನಡುವೆ ತಳಕ್ಕಿಳಿಯುತ್ತದೆ, ತಿಳಿ ಮಾತ್ರ ಮುಂದೆ ಹೋಗುತ್ತದೆ ಎಂದ. ಥಟ್ಟನೆ ನೆನಪಾಯಿತು. ಶಾಲಾ ಪ್ರವಾಸಕ್ಕೆ ವಿಜಯಪುರಕ್ಕೆ ಹೋದಾಗ ಗೈಡು ಒಂದು ಗೋಪುರ ತೋರಿಸಿದ್ದ. ಗಂಜ್ ಎನ್ನುತ್ತಾರೆ. ಆದಿಲ್ ಶಾಹಿಗಳ ಕಾಲದಲ್ಲಿ ತೊರವಿ, ಬೇಗಂ ತಲಾಬ್ ಕಡೆಯಿಂದ ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು ಬರುತ್ತಿದ್ದಾಗ, ದಾರಿಯಲ್ಲಿ ಇಂಥ ಗೋಪುರಗಳೊಳಗೆ ನೀರು ನಿಂತು, ಒತ್ತಡ ಇಳಿಸಿಕೊಂಡು, ಹೂಳು ಕೆಳಗೆ ಬಿಟ್ಟು ಮುಂದೆ ಹೋಗುತ್ತಿತ್ತಂತೆ. ಅವನು ಅದನ್ನು ವಿವರಿಸುವಾಗ ನಾನು ಮಕ್ಕಳನ್ನು ಎಣಿಸುತ್ತಿದ್ದೆ. ಐವತ್ತೆರಡು ಜನರಲ್ಲಿ ಒಬ್ಬ ಕಡಿಮೆ ಬಂದಿದ್ದ. ನನ್ನನ್ನೇ ಎಣಿಸಿಕೊಂಡಿರಲಿಲ್ಲ.

ಎರಡನೇ ಡ್ರಮ್ಮಿಗೆ ಮರಳು ಬೇಡ, ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಸ್ಕ್ರಬ್ಬರು ಸಾಕು ಎಂದ. ಸಂದಿನಲ್ಲಿ ನೀರು ಸಲೀಸಾಗಿ ಹೋಗುತ್ತದೆ, ಮೈಯೆಲ್ಲ ಬ್ಯಾಕ್ಟೀರಿಯಾ ಕೂರಲು ಜಾಗ. 48 ಬೇಕಿತ್ತು. ಅಂಗಡಿಯಲ್ಲಿ 45 ಸಿಕ್ಕಿದವು. ಉಳಿದ ಮೂರು ಎಲ್ಲಿಂದ ಬಂದವು ಎಂದು ನಮ್ಮ ಅಡುಗೆಮನೆಯ ಸಿಂಕಿನ ಬಳಿ ಎರಡು ದಿನ ವಿಚಾರಣೆ ನಡೆಯಿತು.

ಸ್ವಿಚ್ ಹಾಕಿದಾಗ ಜಲಪಾತ ಬಿತ್ತು. ನಿಜವಾದ ಜಲಪಾತ. ಪೇಪರ್ ಹಿಡಿದು ಕೂತೆ. ಒಂದು ತಿಂಗಳು ಹೀಗೇ ಸುಖವಾಗಿ ಕಳೆಯಿತು. ಬೇಸಿಗೆ ಬಿಸಿಲಿಗೆ ನೀರು ಹೆಸರುಬೇಳೆ ಪಾಯಸದ ಬಣ್ಣಕ್ಕೆ ತಿರುಗಿತ್ತಾದರೂ, ನೈದಿಲೆ ಎಲೆ ಅರ್ಧ ಕೊಳ ಮುಚ್ಚಿದ ಮೇಲೆ ತಾನೇ ತಿಳಿಯಾಯಿತು. ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ಸೊಳ್ಳೆಮರಿ ಹುಡುಕಿದರು, ಗಪ್ಪಿಗಳು ಒಂದನ್ನೂ ಉಳಿಸಿರಲಿಲ್ಲ. ನನ್ನ ಕೈ ಸುಮ್ಮನಿದ್ದಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ಒಂದು ಭಾನುವಾರ ಎರಡನೇ ಡ್ರಮ್ಮಿನ ಮುಚ್ಚಳ ತೆಗೆದೆ. 48 ಸ್ಕ್ರಬ್ಬರುಗಳ ಮೈಮೇಲೆ ಕಂದು ಲೋಳೆ. ಛೀ, ಇಂಥ ಹೊಲಸಿನಿಂದ ನೀರು ಶುದ್ಧವಾಗುವುದೇ? ಅಷ್ಟನ್ನೂ ಒಗೆಯುವ ಕಲ್ಲಿನ ಮೇಲೆ ಹರಡಿ, ನಲ್ಲಿ ತಿರುಗಿಸಿ, ಒಂದೊಂದನ್ನೂ ತಿಕ್ಕಿ ತಿಕ್ಕಿ ಹೊಸದರಂತೆ ಮಾಡಿದೆ. ಹೆಂಡತಿ ಕಿಟಕಿಯಿಂದ ನೋಡಿ, "ಮೂವತ್ತು ವರ್ಷದಲ್ಲಿ ಒಂದು ಪಾತ್ರೆಗೆ ಈ ಭಾಗ್ಯ ಸಿಗಲಿಲ್ಲ" ಎಂದಳು.

ಮೂರನೇ ದಿನ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿಯತೊಡಗಿದವು. ನಾಲ್ಕನೇ ದಿನ ಎರಡು ತೇಲಿದವು. ಶಿಷ್ಯ ಓಡಿಬಂದ. ಹೊಳೆಯುವ ಸ್ಕ್ರಬ್ಬರುಗಳನ್ನು ನೋಡಿ ತಲೆಯ ಮೇಲೆ ಕೈಹೊತ್ತ.

"ಇದನ್ನ ತೊಳೆದ್ರಾ? ನಲ್ಲಿ ನೀರಲ್ಲಿ?"

ಆ ಲೋಳೆಯೇ ಫಿಲ್ಟರಂತೆ. ಮೀನಿನ ಹೊಲಸಿನಿಂದ ಬರುವ ಅಮೋನಿಯ ವಿಷ. ನೈಟ್ರೊಸೊಮೋನಾಸ್ ಎಂಬ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ನೈಟ್ರೊಸ್ಪೈರಾದಂಥವು ಅದನ್ನೂ ತಿಂದು ನೈಟ್ರೇಟ್ ಮಾಡುತ್ತವೆ, ಅದು ಗಿಡಕ್ಕೆ ಗೊಬ್ಬರ. ಈ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಕುಡಿಯುವ ನೀರಿನ ಕ್ಲೋರಿನ್ ಇರುವುದೇ ಇಂಥವನ್ನು ಕೊಲ್ಲಲು. ನಾನು ನಲ್ಲಿಯಡಿ ತಿಕ್ಕಿದ್ದು ಕೊಳೆಯನ್ನಲ್ಲ, ಕೆಲಸಗಾರರನ್ನು.

ಅತ್ತೆಯವರು ಎಲ್ಲ ಕೇಳಿಸಿಕೊಂಡು ಹೇಳಿದರು: "ಹೆಪ್ಪು ತೊಳೆದುಬಿಟ್ಟರೆ ಮೊಸರಾಗತ್ತೆಯೇ ಅಳಿಯಂದ್ರೇ? ಯಾರ ಮನೆಯಿಂದಾದ್ರೂ ಒಂದು ಚಮಚ ಇಸ್ಕೊಂಡು ಬನ್ನಿ."

ತಮಾಷೆಗೆ ಹೇಳಿದರು ಎಂದುಕೊಂಡೆ. ಶಿಷ್ಯ ಮಾತ್ರ, "ಅಜ್ಜಿ ಹೇಳಿದ್ದೇ ಸರಿ" ಎಂದ. ಸಂಜೆ ಸ್ಟೀಲ್ ಡಬ್ಬಿ ಹಿಡಿದು ಅಕ್ವೇರಿಯಂ ಅಂಗಡಿಗೆ ಹೋದೆ. ನಿಮ್ಮ ಹಳೇ ಫಿಲ್ಟರಿನ ಕೊಳಕು ಸ್ಪಂಜು ಒಂದಿಷ್ಟು ಕೊಡಿ ಎಂದು ಕೇಳಲು ಎಷ್ಟು ನಾಚಿಕೆಯಾಗಬೇಕೋ ಅಷ್ಟೂ ಆಯಿತು. ಅಂಗಡಿಯಾತ ಆಗಷ್ಟೇ ದೇವರ ಪಟಕ್ಕೆ ದೀಪ ಹಚ್ಚಿದ್ದ. "ಹೆಪ್ಪಿಗಾ ಸಾರ್? ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಕೊಡಬಾರದು ಅಂತಾರೆ" ಎಂದು ನಕ್ಕು, ಸ್ಪಂಜಿನ ತುಂಡು ಕತ್ತರಿಸಿ ಅವನ ತೊಟ್ಟಿಯದೇ ನೀರಿನಲ್ಲಿ ಅದ್ದಿ ಡಬ್ಬಿಗೆ ಹಾಕಿಕೊಟ್ಟ. ಅದನ್ನು ತುಳುಕದಂತೆ ಎದೆಗವಚಿಕೊಂಡು ಆಟೋದಲ್ಲಿ ಬಂದೆ. ಉಳಿದ ನಾಲ್ಕು ಮೀನುಗಳು ಬದುಕಿದವು.

ಇನ್ನು ಉಳಿದದ್ದು ಹೂಳು. ಮೊದಲ ಡ್ರಮ್ಮಿನ ತಳದಲ್ಲಿ ಕೂತ ಕೊಳೆಯನ್ನು ನಾನು ಚೊಂಬಿನಲ್ಲಿ ಮೊಗೆಯುತ್ತಿದ್ದೆ. ಕಳೆದ ಶನಿವಾರ ಶಿಷ್ಯ ಒಂದು ಬಾಲ್ ವಾಲ್ವ್ ತಂದು ಡ್ರಮ್ಮಿನ ಬುಡಕ್ಕೆ ಕೂರಿಸಿದ. ಅಲ್ಲಿಂದ ಒಂದು ಪೈಪು ಕಾಂಪೌಂಡಿನ ಮೇಲಂಚಿನಲ್ಲಿ ಹಾದು ಕರಿಬೇವಿನ ಬುಡಕ್ಕೆ ಹೋಗಬೇಕು. ಡ್ರಮ್ಮು ಅರ್ಧ ನೆಲದಲ್ಲಿರುವುದರಿಂದ ಕೊಳೆನೀರು ಎತ್ತಲು ಚಿಕ್ಕದೊಂದು ಪಂಪೂ ಬಂತು.

"ವಾರಕ್ಕೊಂದ್ಸಲ ಇದನ್ನ ತೆಗೀರಿ. ಹತ್ತರಲ್ಲಿ ಒಂದು ಪಾಲು ನೀರು ಹೊರಗೆ ಹೋಗ್ಲಿ, ಹೂಳು ಅದರ ಜೊತೆ ಹೋಗುತ್ತೆ. ಆ ಕಡೆ ಹಿಡಿದಿಟ್ಟ ನೀರಿನ ನಲ್ಲೀನ ಸಣ್ಣಕ್ಕೆ ಬಿಡಿ. ಎರಡೂ ಒಟ್ಟಿಗೆ." ಹಾಗೆಂದವನು ಸ್ವಲ್ಪ ತಡೆದು, "ಆವತ್ತು ನಾನು ಕೇಳಿದ್ದಕ್ಕೆ ಉತ್ತರ ಇದೇ ಅನ್ಸುತ್ತೆ, ಅಲ್ವಾ ಮೇಷ್ಟ್ರೇ?" ಎಂದ.

ನಾನು ಕನ್ನಡಕ ಒರೆಸಿಕೊಂಡೆ.

ಮೇಲಂಚಿನ ಜೋಡಣೆಗೆ ಅಂಟು ಹಚ್ಚಿ, ಅದು ಗಟ್ಟಿಯಾಗುವವರೆಗೆ ಯಾರಾದರೂ ಪೈಪನ್ನು ಎತ್ತಿ ಹಿಡಿಯಬೇಕೆಂದ. ನನಗೆ ಎಟುಕಲಿಲ್ಲ. ಸುತ್ತ ನೋಡಿ, ಒಗೆಯುವ ಕಲ್ಲನ್ನು ತೋರಿಸಿದ. ಹತ್ತಿದೆ. ಎರಡೂ ಕೈ ಮೇಲೆತ್ತಿ ಪೈಪು ಹಿಡಿದೆ.

"ಹತ್ತು ನಿಮಿಷ. ಅಲ್ಲಾಡಬೇಡಿ, ಇಳೀಬೇಡಿ" ಎಂದು ಹೇಳಿ ಟೀ ಕುಡಿಯಲು ಒಳಗೆ ಹೋದ.

ಅತ್ತೆಯವರು ಜಗುಲಿಯಿಂದ ಕೇಳಿದರು: "ಯಾಕಮ್ಮಾ ಅಳಿಯಂದ್ರು ಕಲ್ಲಿನ ಮೇಲೆ ನಿಂತವ್ರೆ?"

"ಪ್ರಶ್ನೆಗೆ ಉತ್ತರ ಹೇಳಲಿಲ್ಲವಂತೆ" ಎಂದಳು ಹೆಂಡತಿ. ಆಮೇಲೆ ಅಡುಗೆಮನೆ ಕಿಟಕಿಯಿಂದ ಇಣುಕಿ, "ಹೇಗೂ ಎತ್ತರದಲ್ಲಿದ್ದೀರಲ್ಲ, ಇವತ್ತಿನ ಮಟ್ಟ ನೋಡಿ ಹೇಳ್ರೀ" ಎಂದಳು.